ನಕ್ಷೆ ಯಾರ ಮನೆಯಲ್ಲಿ ಕೂರುತ್ತದೆ

ಡಿಜಿಟಲ್ ಚಿತ್ರ ಬಿಡಿಸಲು ಮನೆಯಲ್ಲೇ ಜಾಗ ಮಾಡಿಕೊಳ್ಳುವವರಿಗೆ ಸಲಹೆಗಳಿಗೇನೂ ಕೊರತೆಯಿಲ್ಲ. ಮೇಜು ಎಷ್ಟು ಎತ್ತರವಿರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಪರದೆ ಎಷ್ಟು ದೂರವಿರಬೇಕು, ಬೆನ್ನು ನೋಯದ ಕುರ್ಚಿ ಯಾವುದು, ಹೀಗೆ. ಈ ಸಲಹೆಗಳ ಧಾಟಿ ನೋಡಿದರೆ ಮನೆಯೊಳಗೆ ಚೌಕಗಳ ಮೇಲೆ ಚಿತ್ರ ಬಿಡಿಸುವ ಕಸಬು ನಿನ್ನೆ ಮೊನ್ನೆ ಹುಟ್ಟಿದ್ದು, ಅದೂ ದೊಡ್ಡ ಊರುಗಳಲ್ಲಿ ಹುಟ್ಟಿದ್ದು ಎನಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ, ಆಂಧ್ರದ ರಾಯದುರ್ಗಕ್ಕೆ ಅಂಟಿಕೊಂಡಿರುವ ಮೊಳಕಾಲ್ಮೂರಿನ ನೇಕಾರರ ಮನೆಗಳು ಬೇರೆಯದನ್ನೇ ಹೇಳುತ್ತವೆ. ಅಲ್ಲಿ ಮನೆ ಕಟ್ಟುವಾಗಲೇ ಬೆಳಕು, ಎತ್ತರ, ಕೂರುವ ಭಂಗಿ ಎಲ್ಲವನ್ನೂ ಚಿತ್ರ ಮೂಡಿಸುವ ಒಂದು ಯಂತ್ರಕ್ಕೆ ಒಪ್ಪಿಸಿಬಿಡುತ್ತಿದ್ದರು. ಆ ಚಿತ್ರವೂ ಇವತ್ತಿನ ಅರ್ಥದಲ್ಲೇ ಡಿಜಿಟಲ್: ಎಳೆ ಮೇಲೇಳಬೇಕು ಅಥವಾ ಏಳಬಾರದು, ಮಧ್ಯದ ಸ್ಥಿತಿ ಇಲ್ಲ. ಹಾಗಿದ್ದ ಮೇಲೆ ಆ ಮನೆಗಳಿಗೆ ಹೊಸದಾಗಿ ಬರಬೇಕಾದ್ದು ಏನು? ನನ್ನ ವಾದವಿಷ್ಟು: ಕೊರತೆಯಿದ್ದದ್ದು ಸಲಕರಣೆಯದಲ್ಲ, ನಕ್ಷೆ ಬಿಡಿಸುವವರ ಆಸನದ್ದು. ಒಂದು ಕಾಲಕ್ಕೆ ಮನೆಯೊಳಗೇ ಇದ್ದ ಆ ಆಸನ ಕಳೆದ ಶತಮಾನದಲ್ಲಿ ಹೊರಗೆ ಹೋಯಿತು. ಕಂಪ್ಯೂಟರಿನ ಮೇಜನ್ನು ಈ ಹೋಗಿ-ಬರುವ ಕಥೆಯ ಒಂದು ಘಟ್ಟವಾಗಿ ನೋಡಬೇಕು.

ಮೊದಲು ಮನೆಯನ್ನೇ ನೋಡೋಣ. ಈ ಸೀಮೆ ಕರ್ನಾಟಕದ ಅತಿ ಒಣ ಭಾಗಗಳಲ್ಲೊಂದು. ಒಣಹವೆ ರೇಷ್ಮೆಗೆ ಶತ್ರು. ಎಳೆ ಬಿರುಸಾಗಿ ಪಟಪಟನೆ ಕಡಿಯುತ್ತದೆ. ನೆಲದಲ್ಲಿ ಗುಣಿ ತೋಡಿ, ಕಾಲನ್ನು ಒಳಗಿಳಿಸಿ ಕೂತು ನೇಯುವ ಗುಣಿ ಮಗ್ಗ ಈ ತೊಂದರೆಗೆ ಸಿಕ್ಕ ಉತ್ತರ. ನೆಲದ ತಂಪು ಹಾಸಿನ ಎಳೆಗಳಿಗೆ ತಾಗುತ್ತದೆ, ಮಗ್ಗದ ಎತ್ತರ ತಗ್ಗುತ್ತದೆ, ನೇಕಾರನ ಕಣ್ಣು ಬಟ್ಟೆಯ ಮಟ್ಟಕ್ಕೆ ಬರುತ್ತದೆ. ಇಲ್ಲಿಯ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಸೂರು ತಗ್ಗು, ಕಿಟಕಿ ಚಿಕ್ಕದು. ಆದ್ದರಿಂದ ಮಗ್ಗದ ನೆತ್ತಿಗೆ ಬೆಳಕಿಂಡಿ, ಗೋಡೆ ಬದಿಗೆ ಗುಣಿ, ಹಾಸು ಉದ್ದಕ್ಕೆ ಚಾಚಲು ಪಡಸಾಲೆ. ಅಡಿಗೆ, ನಿದ್ದೆ, ನೆಂಟರು ಉಳಿದ ಜಾಗದಲ್ಲಿ. ಇವತ್ತು ಮನೆಯಿಂದ ಕೆಲಸ ಮಾಡುವವರು ಮನೆಯಲ್ಲಿ ಕೆಲಸಕ್ಕೊಂದು ಮೂಲೆ ಹುಡುಕುತ್ತಾರೆ. ಇಲ್ಲಿ ಕೆಲಸ ಬಿಟ್ಟ ಮೂಲೆಯಲ್ಲಿ ಸಂಸಾರ ನಡೆಯುತ್ತಿತ್ತು.

ಮೊಳಕಾಲ್ಮೂರು ಸೀರೆಯನ್ನು ಸೀರೆಯಾಗಿಸುವುದು ಅಂಚು ಮತ್ತು ಸೆರಗು. ಒಡಲು ಒಂದು ಬಣ್ಣ, ಎರಡು ಬದಿಯ ಅಂಚುಗಳು ಇನ್ನೊಂದು ಬಣ್ಣ. ಹೀಗೆ ಬಣ್ಣ ಬೆರೆಯದೆ ನಿಲ್ಲಬೇಕಾದರೆ ಮೂರು ಲಾಳಿ ಬೇಕು: ಎಡ ಅಂಚಿಗೊಂದು, ಒಡಲಿಗೊಂದು, ಬಲ ಅಂಚಿಗೊಂದು. ಒಬ್ಬರ ಎರಡು ಕೈಗೆ ಅದು ನಿಭಾಯಿಸುವ ಕೆಲಸವಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಹಿಂತಿರುಗಿಸಬೇಕು. ಹಣ್ಣು, ಹೂವು, ಗಿಣಿ, ನವಿಲು, ರುದ್ರಾಕ್ಷಿ, ಗುಡಿಯ ಗೋಪುರ ಈ ಅಂಚು-ಸೆರಗುಗಳಲ್ಲಿ ಮೂಡುವ ಆಕೃತಿಗಳು. ಜಕಾರ್ಡ್ ಪೆಟ್ಟಿಗೆ ಬರುವ ಮುಂಚೆ ದಕ್ಷಿಣದ ರೇಷ್ಮೆ ಕೇಂದ್ರಗಳಲ್ಲಿ ಇಂಥ ಆಕೃತಿಗಳ ನೆನಪು ದಾರದಲ್ಲೇ ಇರುತ್ತಿತ್ತು. ಯಾವ ಹೊಕ್ಕಿಗೆ ಯಾವ ಎಳೆಗಳು ಮೇಲೇಳಬೇಕು ಎಂಬುದನ್ನು ಮಗ್ಗದ ಮೇಲೆ ಕಟ್ಟಿದ ದಾರಗಳ ಗಂಟುಗಳೇ ಹೇಳುತ್ತಿದ್ದವು. ಸಹಾಯಕ ಅವನ್ನು ಸರದಿಯಲ್ಲಿ ಎಳೆಯುತ್ತಿದ್ದ. ಕಾಂಚೀಪುರದಲ್ಲಿ ಇದಕ್ಕೆ ಅಡೈ ಎಂದು ಹೆಸರು. ಬನಾರಸಿನಲ್ಲಿ ಹೀಗೆ ದಾರದಲ್ಲಿ ಚಿತ್ರ ಕಟ್ಟಿಕೊಡುವವರನ್ನು ನಕ್ಷಾಬಂದರೆಂದು ಕರೆಯುತ್ತಿದ್ದರು. ಇಲ್ಲಿ ಗಮನಿಸಬೇಕಾದ್ದು, ಈ ನೆನಪಿನ ಕಟ್ಟು ಮಗ್ಗಕ್ಕೇ ಅಂಟಿಕೊಂಡಿತ್ತು. ನಕ್ಷೆ ತಿದ್ದಬೇಕೆಂದರೆ ಮಗ್ಗದ ಹತ್ತಿರವೇ ಬರಬೇಕಿತ್ತು, ಮಗ್ಗ ಮನೆಯಲ್ಲಿತ್ತು.

1804ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಯಂತ್ರ ಈ ನಂಟನ್ನು ಬಿಡಿಸಿತು. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದಲ್ಲಿ ಕೊಕ್ಕೆ ಎಳೆಯನ್ನು ಎತ್ತುತ್ತದೆ, ತೂತು ಇಲ್ಲದಲ್ಲಿ ಬಿಡುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಕಾರ್ಡುಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲೆ ನೇತುಹಾಕಿದರೆ ಚಿತ್ರ ತಾನೇ ಬರುತ್ತದೆ, ದಾರ ಎಳೆಯುವ ಹುಡುಗ ಬೇಡ. ಯಂತ್ರದ ಶಕ್ತಿ ಏನೆಂದು ತೋರಿಸಲು ಲಿಯೋನಿನಲ್ಲಿ 1839ರಲ್ಲಿ ಜಕಾರ್ಡನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾದವು. ಅದರ ಒಂದು ಪ್ರತಿ ಚಾರ್ಲ್ಸ್ ಬ್ಯಾಬೇಜನ ಬಳಿ ಇತ್ತು, ಆತನ ಅನಲಿಟಿಕಲ್ ಎಂಜಿನ್ನಿನ ಯೋಜನೆಯಲ್ಲಿ ಇದೇ ತೂತುಕಾರ್ಡುಗಳಿದ್ದವು. ಕಂಪ್ಯೂಟರಿನ ವಂಶಾವಳಿ ಹೇಳುವವರು ಈ ಸಂಗತಿಯನ್ನು ಖುಷಿಯಿಂದ ಹೇಳಿ ಮುಂದೆ ಹೋಗುತ್ತಾರೆ. ನೇಕಾರರ ಕಡೆಯಿಂದ ನೋಡಿದರೆ ಮುಖ್ಯವಾದ ಸಂಗತಿ ಬೇರೆ: ನಕ್ಷೆ ಈಗ ಕಂಕುಳಲ್ಲಿಟ್ಟುಕೊಂಡು ಸಾಗಿಸಬಹುದಾದ ಸರಕಾಯಿತು. ಒಂದು ಊರಿನಲ್ಲಿ ಬಿಡಿಸಿ, ಇನ್ನೊಂದು ಊರಿನಲ್ಲಿ ತೂತು ಹೊಡೆಸಿ, ಮೂರನೆಯ ಊರಿನಲ್ಲಿ ನೇಯಬಹುದು.

ಹಾಗೆ ಬಿಡಿಸುವ ಕೆಲಸ ಎಂಥದು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಡಿಜಿಟಲ್ ಚಿತ್ರದ ಇಡೀ ವ್ಯಾಕರಣ ಅಲ್ಲಿದೆ. ಗ್ರಾಫ್ ಹಾಳೆಯ ಒಂದೊಂದು ಉದ್ದ ಸಾಲು ಒಂದು ಹಾಸಿನ ಎಳೆ, ಒಂದೊಂದು ಅಡ್ಡ ಸಾಲು ಒಂದು ಹೊಕ್ಕು. ಉದಾಹರಣೆಗೆ 240 ಕೊಕ್ಕೆಗಳ ಜಕಾರ್ಡಿಗೆ ಒಂದು ಅಂಚು ಬಿಡಿಸಬೇಕು, ಅಂಗುಲಕ್ಕೆ 80 ಹಾಸಿನ ಎಳೆ, 60 ಹೊಕ್ಕು ಎಂದಿಟ್ಟುಕೊಳ್ಳಿ. ಅಂಚಿನ ಅಗಲ ಮೂರು ಅಂಗುಲವಾಯಿತು. ಆಕೃತಿ ಐದು ಅಂಗುಲಕ್ಕೊಮ್ಮೆ ಮರುಕಳಿಸುವುದಾದರೆ 300 ಹೊಕ್ಕು, ಅಂದರೆ 300 ಕಾರ್ಡು. ಹಾಳೆಯಲ್ಲಿ ಮನೆಗಳು 72,000. ಪ್ರತಿ ಮನೆಯನ್ನೂ ತುಂಬಬೇಕು ಅಥವಾ ಬಿಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಶಾಲೆಯ ಮಕ್ಕಳ ಸಮಚೌಕದ ಗ್ರಾಫ್ ಹಾಳೆಯಲ್ಲಿ 40 ಮನೆ ಅಗಲ, 40 ಮನೆ ಎತ್ತರದ ಗುಂಡು ರುದ್ರಾಕ್ಷಿ ಬಿಡಿಸಿದರೆ ಬಟ್ಟೆಯ ಮೇಲೆ ಅದರ ಅಗಲ ಅರ್ಧ ಅಂಗುಲ, ಎತ್ತರ ಅಂಗುಲದ ಮೂರನೇ ಎರಡು ಪಾಲು. ರುದ್ರಾಕ್ಷಿ ಮೊಟ್ಟೆಯಾಗುತ್ತದೆ. ಆದ್ದರಿಂದ ಜಕಾರ್ಡಿನ ಹಾಳೆಯ ಮನೆಗಳನ್ನೇ ಎಳೆ-ಹೊಕ್ಕುಗಳ ಪ್ರಮಾಣಕ್ಕೆ ತಕ್ಕಂತೆ ಆಯತವಾಗಿ ಅಚ್ಚು ಹಾಕುತ್ತಾರೆ. ಇನ್ನೂ ಒಂದು ತೊಡಕು: ಜರಿಯ ಎಳೆ ಬಟ್ಟೆಯ ಮೇಲೆ ಉದ್ದಕ್ಕೆ ತೇಲಿಕೊಂಡಿದ್ದರೆ ಉಟ್ಟವರ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಹಾಗಾಗಿ ತುಂಬಿದ ಜಾಗದ ನಡುನಡುವೆ ಕಟ್ಟುಚುಕ್ಕಿಗಳನ್ನು ಬಿಡಬೇಕು, ಅವು ಬಟ್ಟೆಯಲ್ಲಿ ಎದ್ದು ಕಾಣದಂತೆ ಗಿಣಿಯ ರೆಕ್ಕೆಯ ಗೆರೆಯಲ್ಲೋ ಎಲೆಯ ನರದಲ್ಲೋ ಅಡಗಿಸಬೇಕು. ಈ ಅಡಗಿಸುವ ಜಾಣ್ಮೆಯೇ ಒಳ್ಳೆಯ ಡಿಸೈನರನ ಕೈ. ಇದೊಂದನ್ನು ಕಲಿಯಲು ಮಗ್ಗದ ಪಕ್ಕ ಕೂತು ನೋಡಿರಲೇಬೇಕು ಎಂದು ನನಗನಿಸುತ್ತದೆ.

ಆದರೆ ಆ ಕೈ ಮಗ್ಗದ ಪಕ್ಕದಿಂದ ಎದ್ದು ಹೋಯಿತು. 20ನೇ ಶತಮಾನದಲ್ಲಿ ಜಕಾರ್ಡ್ ಪೆಟ್ಟಿಗೆ ದಕ್ಷಿಣದ ಮನೆ ಮನೆಗೆ ಏರಿದಂತೆ ನಕ್ಷೆ ಬಿಡಿಸುವುದು, ತೂತು ಹೊಡೆಯುವುದು ಬೇರೆಯೇ ಕಸಬುಗಳಾದವು. ನೇಕಾರನ ಮನೆಗೆ ಬರುವುದು ಹೊಲಿದು ಮುಗಿಸಿದ ಕಾರ್ಡಿನ ಸರ. ಅದನ್ನು ಕೊಡುವವನು ರೇಷ್ಮೆ, ಜರಿ ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರ. ಸ್ವಾತಂತ್ರ್ಯದ ನಂತರ ಸರ್ಕಾರವೂ ಇದೇ ಹಾದಿ ಹಿಡಿಯಿತು. 1950ರ ದಶಕದ ನಡುವಿನಿಂದ ದೇಶದಲ್ಲಿ ನೇಕಾರರ ಸೇವಾ ಕೇಂದ್ರಗಳು ಆರಂಭವಾದವು. ಕಲಾವಿದರನ್ನು ಕರೆಸಿ ಹಳೆಯ ಆಕೃತಿಗಳನ್ನು ಸಂಗ್ರಹಿಸಿ ಹೊಸದನ್ನು ಬಿಡಿಸಿ ನೇಕಾರರಿಗೆ ಕೊಡುವುದು ಅವುಗಳ ಕೆಲಸ. ಕೆ.ಜಿ. ಸುಬ್ರಮಣ್ಯನ್ ಅವರಂಥ ದೊಡ್ಡ ಕಲಾವಿದರು ಮುಂಬೈ ಕೇಂದ್ರದಲ್ಲಿ ದುಡಿದರು. ಬೆಂಗಳೂರಿನಲ್ಲೂ ಒಂದು ಕೇಂದ್ರವಿದೆ. ಒಳ್ಳೆಯ ಕೆಲಸವೇ, ಸಂದೇಹವಿಲ್ಲ. ಆದರೆ ವ್ಯವಸ್ಥೆಯ ಆಕಾರ ನೋಡಿ: ಬಿಡಿಸುವವರು ಅಲ್ಲಿ, ನೇಯುವವರು ಇಲ್ಲಿ. ಗುಣಿ ಮನೆಯಲ್ಲುಳಿಯಿತು, ಮೇಜು ಊರು ಬಿಟ್ಟಿತು.

ಬರೆಯುವವನು ಒಬ್ಬ, ಮೂಡಿಸುವವನು ಇನ್ನೊಬ್ಬ ಎಂಬುದು ಈ ಸೀಮೆಗೆ ಹೊಸದೇನೂ ಅಲ್ಲ ಎಂದು ಯಾರಾದರೂ ಹೇಳಬಹುದು, ಅದಕ್ಕೆ ಸಾಕ್ಷಿಯೂ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಆ ಪಾಠ ಇಲ್ಲಿ ಹುಟ್ಟಿದ್ದಲ್ಲ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದದ್ದು. ಅದನ್ನು ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ ಚಪಡ, ತನ್ನ ವೃತ್ತಿಯನ್ನು ಸೂಚಿಸುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ಬಲದಿಂದ ಎಡಕ್ಕೆ ಓಡುವ, ವಾಯವ್ಯ ಗಡಿಯ ಲಿಪಿ. ಎಲ್ಲಿಂದಲೋ ಕಲಿತುಬಂದ ಕಸಬುದಾರ ಈ ಬಂಡೆಗಳ ಮೇಲೆ ತನ್ನ ಗುರುತು ಬಿಟ್ಟುಹೋದ. ಹೊರಗಿನಿಂದ ಪಾಠ ಬರುವುದೇ ಕೆಟ್ಟದ್ದೆಂದು ನಾನು ವಾದಿಸುತ್ತಿಲ್ಲ. ಆದರೆ ಚಪಡನ ಹೆಸರು ಬಂಡೆಯ ಮೇಲಿದೆ. ಮೊಳಕಾಲ್ಮೂರು ಅಂಚಿನ ಗಿಣಿಯನ್ನು ಮೊದಲು ಬಿಡಿಸಿದವರ ಹೆಸರು, ಅವರು ಗಂಡಸೋ ಹೆಂಗಸೋ ಎಂಬುದು ಕೂಡ, ಯಾವ ಸೆರಗಿನಲ್ಲೂ ಇಲ್ಲ. ನಕ್ಷೆ ಮನೆ ಬಿಟ್ಟಾಗ ಹೆಸರು ಬರೆದುಕೊಳ್ಳುವ ಸಾಧ್ಯತೆಯೂ ಅದರ ಜೊತೆಗೇ ಹೋಯಿತು.

ಪಕ್ಕದ ಚಳ್ಳಕೆರೆ ಈ ವಾದಕ್ಕೆ ಒಂದು ಒರೆಗಲ್ಲು. ಅಲ್ಲೂ ಮನೆಯೊಳಗೆ ಗುಣಿ ಮಗ್ಗಗಳಿದ್ದವು, ಆದರೆ ನೇಯ್ದದ್ದು ಕುರಿ ಉಣ್ಣೆಯ ಕಂಬಳಿ. ಹೆಂಗಸರು ನೂಲು ತೆಗೆಯುತ್ತಾರೆ, ಹುಣಸೆ ಬೀಜದ ಗಂಜಿಯಲ್ಲಿ ಹಾಸಿನ ಎಳೆಗಳಿಗೆ ಬಿಗುವು ಕೊಡುತ್ತಾರೆ, ನೇಯ್ದ ಕಂಬಳಿ ಸಂತೆಗೆ ಹೋಗುತ್ತದೆ. ಕಪ್ಪು ಉಣ್ಣೆಯ ಒಡಲು, ಅಂಚಿಗೆ ಬೇರೆ ಬಣ್ಣದ ಉಣ್ಣೆಯ ಪಟ್ಟೆ. ಗ್ರಾಫ್ ಇಲ್ಲ, ಕಾರ್ಡಿಲ್ಲ, ಲೆಕ್ಕ ತಲೆಯಲ್ಲೇ. ಹಾಗಾಗಿ ಕಂಬಳಿ ಕಸಬು ಸೊರಗಿದ ಕಥೆಯಲ್ಲಿ ಮಿಲ್ಲಿನ ಅಗ್ಗದ ಹೊದಿಕೆ ಇದೆ, ಕುರಿ ಮೇಯುವ ಕಾವಲು ಕರಗಿದ್ದಿದೆ, ಆದರೆ ನಕ್ಷೆ ಕೈಬಿಟ್ಟುಹೋದ ಅಧ್ಯಾಯವಿಲ್ಲ. ಮಗ್ಗ ಮನೆಯಲ್ಲಿದ್ದ ಮಾತ್ರಕ್ಕೆ ಚಿತ್ರದ ಕಸಬು ಮನೆಯಲ್ಲಿದ್ದಂತಾಗುವುದಿಲ್ಲ ಎಂಬುದನ್ನು ಈ ಎರಡು ತಾಲ್ಲೂಕುಗಳ ಹೋಲಿಕೆ ಸ್ಪಷ್ಟ ಮಾಡುತ್ತದೆ. (ಅದೇ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯವಿದೆ. ಪರದೆಯ ಮೇಲೆ ಬಿಡಿಸಿದ ಡ್ರೋನುಗಳು ಕುರಿ ಮೇಯುತ್ತಿದ್ದ ಬಯಲಿನ ಮೇಲೆ ಹಾರುತ್ತವೆ. ಡಿಜಿಟಲ್ ನಕ್ಷೆ ಈ ಸೀಮೆಗೆ ಬಂದಿಲ್ಲವೆಂದು ಯಾರೂ ಹೇಳುವಂತಿಲ್ಲ; ಬಂದದ್ದು ಬೇಲಿಯ ಒಳಗೆ.)

ಇನ್ನು ಆಕ್ಷೇಪಗಳು. ಮೊದಲನೆಯದು: ಮಗ್ಗದ ಎಳೆಗೂ ಪರದೆಯ ಚುಕ್ಕಿಗೂ ಇರುವ ಸಾಮ್ಯ ಬರೀ ಅಲಂಕಾರದ ಮಾತು, ಟ್ಯಾಬ್ಲೆಟ್ಟಿನ ಮೇಲೆ ಬಿಡಿಸುವವನು ಎಳೆ ಎಣಿಸುವುದಿಲ್ಲ, ಅವನ ಕೈ ಸ್ವತಂತ್ರವಾಗಿ ಓಡುತ್ತದೆ. ಅರ್ಧ ನಿಜ. ಕೈ ಸ್ವತಂತ್ರವಾಗಿ ಓಡುವುದು ಕೆಳಗೆ ಎಣಿಸುವ ಕೆಲಸವನ್ನು ಬೇರೆ ಯಾರೋ ವಹಿಸಿಕೊಂಡಿರುವುದರಿಂದ. ಇವಾನ್ ಸದರ್ಲ್ಯಾಂಡ್ 1963ರಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ತೋರಿಸಿದ. ಮರುವರ್ಷ ಬಂದ ರ್‍ಯಾಂಡ್ ಟ್ಯಾಬ್ಲೆಟ್ಟಿನ ಹಲಗೆಯೊಳಗೆ ತಾಮ್ರದ ಸಣ್ಣ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ಹಾಯ್ದಿದ್ದವು, ಅಂಗುಲಕ್ಕೆ 100ರಂತೆ. ಪೆನ್ನು ಯಾವ ಉದ್ದ ಗೆರೆ, ಯಾವ ಅಡ್ಡ ಗೆರೆಯ ಮೇಲಿದೆ ಎಂದು ಯಂತ್ರ ಎಣಿಸುತ್ತಿತ್ತು. ರೇಷ್ಮೆ ಸೀರೆಯ ಎಳೆಗಳ ದಟ್ಟಣೆಯೂ ಹೆಚ್ಚುಕಡಿಮೆ ಅದೇ. ಇದು ಕಾಕತಾಳೀಯವಿರಬಹುದು, ಆದರೆ ತರ್ಕ ಕಾಕತಾಳೀಯವಲ್ಲ: ಎರಡೂ ಕಡೆ ಚಿತ್ರವೆಂದರೆ ಅಡ್ಡ-ಉದ್ದ ಗೆರೆಗಳು ಕೂಡುವ ಜಾಗಗಳ ಪಟ್ಟಿ. ಇದನ್ನು ಹೊಟ್ಟೆಪಾಡಿಗೆ ಬಳಸಿದವರಲ್ಲಿ ನೇಕಾರರು ಹಳಬರು.

ಎರಡನೇ ಆಕ್ಷೇಪ ತೂಕದ್ದು. ಮನೆಯೊಳಗಿನ ಮಗ್ಗವನ್ನು ಹೀಗೆ ಹೊಗಳುವುದು ಸರಿಯೇ? ಬೆಳಕಿಂಡಿಯ ಕೆಳಗೆ ಕೂತವನು ಅಲ್ಲಿ ಕೂತದ್ದು ಸಾಲಕ್ಕೆ, ಮೂರನೇ ಲಾಳಿ ಹಿಡಿದ ಹುಡುಗ ಶಾಲೆ ಬಿಟ್ಟಿದ್ದ, ಕಂಡಿಕೆ ಸುತ್ತಿದ ಹೆಂಡತಿಯ ಕೂಲಿ ಯಾರ ಲೆಕ್ಕದಲ್ಲೂ ಬರಲಿಲ್ಲ. ಇದೆಲ್ಲ ಸತ್ಯ. 2019-20ರ ನಾಲ್ಕನೇ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಹೆಂಗಸರು, ಆದರೂ ನೇಕಾರ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಗಂಡಸು. ಮನೆಯೇ ಕಾರ್ಖಾನೆಯಾದಾಗ ದುಡಿಮೆಗೆ ಗಡಿಯಾರವಿಲ್ಲ, ಪಗಾರದ ಚೀಟಿಯಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವುದಿಲ್ಲ, ಬಿಗಿಗೊಳಿಸುತ್ತದೆ. ನಕ್ಷೆ ಹೊರಹೋದ ಮೇಲೆ ಮನೆಯಲ್ಲುಳಿದದ್ದು ಕೂಲಿಯ ಭಾಗ ಮಾತ್ರ. ಚೌಕಾಸಿಗೆ ಬಲ ಕೊಡುವ ಭಾಗ ಕಾರ್ಡಿನ ಸರದ ಜೊತೆ ಸಾಹುಕಾರನ ಕಪಾಟಿನಲ್ಲಿತ್ತು. ಒಂದು ಅಂಚು ಸಂತೆಯಲ್ಲಿ ಓಡಿದರೆ ಲಾಭ ಆ ಸರ ಯಾರದ್ದೋ ಅವರದ್ದು. ಮಗ್ಗವನ್ನು ಮನೆಯಿಂದ ಎತ್ತಿ ಶೆಡ್ಡಿಗೆ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ನಕ್ಷೆ ಮನೆಗೆ ಬಂದರೆ ಸ್ವಲ್ಪ ಬದಲಾಗುತ್ತದೆ.

ಬರುವುದು ಸಾಧ್ಯವೇ? ಯಂತ್ರದ ಮಟ್ಟಿಗೆ ಹೌದು. 1983ರಲ್ಲಿ ಇಂಗ್ಲೆಂಡಿನ ಬೋನಾಸ್ ಕಂಪನಿ ಮಿಲಾನಿನ ಜವಳಿ ಯಂತ್ರ ಮೇಳದಲ್ಲಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿತು; ಅಲ್ಲಿಂದ ಕಾರ್ಡಿನ ಜಾಗಕ್ಕೆ ಫೈಲು ಬಂತು. ಅದೇ ವರ್ಷ ಜಪಾನಿನಲ್ಲಿ ಚಿತ್ರ ಬಿಡಿಸುವ ಟ್ಯಾಬ್ಲೆಟ್ಟುಗಳ ಕಂಪನಿ ವ್ಯಾಕಾಮ್ ಹುಟ್ಟಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಮೀಡಿಯಾ ಲ್ಯಾಬ್ ಏಷ್ಯಾ ರೂಪಿಸಿದ ಡಿಜಿ ಬುನಾಯಿ ಎಂಬ ತಂತ್ರಾಂಶ ಮುಕ್ತ ಪರವಾನಗಿಯದು. ಗ್ರಾಫ್ ಹಾಳೆಯ ಕೆಲಸವನ್ನು ಅದು ಪರದೆಯ ಮೇಲೆ ಮಾಡುತ್ತದೆ, ಎಳೆ-ಹೊಕ್ಕಿನ ಪ್ರಮಾಣ ಕೊಟ್ಟರೆ ರುದ್ರಾಕ್ಷಿಯನ್ನು ಗುಂಡಗೆ ಇಡುತ್ತದೆ, ಉದ್ದ ತೇಲುವ ಜರಿಯನ್ನು ತೋರಿಸಿಕೊಡುತ್ತದೆ. 72,000 ಮನೆಗಳನ್ನು ಕುಂಚದಿಂದ ತುಂಬುವ ದಿನಗಟ್ಟಲೆಯ ಕೆಲಸ ಹೋಯಿತು. ಈ ಆಸನಕ್ಕೆ ಗುಣಿಯೊಳಗೆ ಕಾಲಿಳಿಸಿ ತಲೆಮಾರುಗಳ ಅಭ್ಯಾಸ ಬೇಕಿಲ್ಲ. ಮನೆಯ ಮಗಳೋ ಮಗನೋ ಕಲಿಯಬಹುದು.

ಮೂರನೇ ಆಕ್ಷೇಪ ಇಲ್ಲೇ ಎದುರಾಗುತ್ತದೆ: ಫೈಲು ಆದ ನಕ್ಷೆ ಕದಿಯಲು ಇನ್ನೂ ಸುಲಭ. ಇವತ್ತು ಬೆಳಗ್ಗೆ ಬಿಡಿಸಿದ ಸೆರಗು ಸಂಜೆಗೆ ಯಾವುದೋ ಊರಿನ ಪವರ್‌ಲೂಮಿನಲ್ಲಿ ಓಡಬಹುದು. ಕಾನೂನಿನ ಬೇಲಿ ತೆಳುವಾಗಿದೆ. ಮೊಳಕಾಲ್ಮೂರು ಸೀರೆಗಿರುವ ಭೌಗೋಳಿಕ ಸೂಚಕ 1999ರ ಕಾಯಿದೆಯಡಿ ಹೆಸರನ್ನು ಕಾಯುತ್ತದೆ, ಗಿಣಿಯನ್ನಲ್ಲ. ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಡುವ 1985ರ ಕಾಯಿದೆ ನೇಯುವ ವಿಧಾನವನ್ನು ಕಾಯಲು ಹೊರಟದ್ದು, ಅದೂ ಗಿಣಿಯ ಗೊಡವೆಗೆ ಹೋಗುವುದಿಲ್ಲ. ಹೊಸ ಆಕೃತಿಗೆ 2000ದ ವಿನ್ಯಾಸ ಕಾಯಿದೆಯಲ್ಲಿ ಹತ್ತು ವರ್ಷ, ವಿಸ್ತರಿಸಿದರೆ ಇನ್ನೈದು ವರ್ಷ ರಕ್ಷಣೆ ಇದೆ. ಆದರೆ ಅದನ್ನು ನೋಂದಾಯಿಸಬೇಕಾದವರು ಅದನ್ನು ಬಿಡಿಸಿದವರೋ ಬರೆಸಿಕೊಂಡವರೋ ಆಗಿರಬೇಕು. ಕಾರ್ಡಿನ ಸರವನ್ನು ಬಾಡಿಗೆಗೆ ತಂದು ನೇಯುವವರ ಹೆಸರಿನಲ್ಲಿ ನೋಂದಾಯಿಸಲು ಏನೂ ಇಲ್ಲ. ಅಂದಮೇಲೆ ಕಳ್ಳತನದ ಭಯವೂ ನಕ್ಷೆ ಮನೆಯಲ್ಲಿರಬೇಕು ಎಂಬ ಕಡೆಗೇ ವಾಲುತ್ತದೆ.

ಉಳಿದದ್ದು ಮೇಜನ್ನು ಎಲ್ಲಿಡಬೇಕು ಎಂಬ ಪ್ರಶ್ನೆ, ಅದಕ್ಕೆ ಸಿದ್ಧ ಸಲಹೆಗಳು ಇಲ್ಲಿ ನಡೆಯುವುದಿಲ್ಲ. ಪರದೆಗೆ ಬೆಳಕಿಂಡಿಯ ನೇರ ಬಿಸಿಲು ಆಗದು. ಮಗ್ಗಕ್ಕೆ ಅದೇ ಬೇಕು. ರೇಷ್ಮೆಯ ನವಿರು, ಧೂಳು ಕಂಪ್ಯೂಟರಿನ ಫ್ಯಾನಿನೊಳಗೆ ಹೊಗುತ್ತವೆ. ಕರೆಂಟು ಹೋದರೂ ಕೈಮಗ್ಗ ನಿಲ್ಲದು, ಪರದೆ ನಿಲ್ಲುತ್ತದೆ. ಹೀಗೆ ನೋಡಿದರೆ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡುವುದೇ ಜಾಣತನ ಎನಿಸುತ್ತದೆ. ಆದರೆ ಬಣ್ಣದ ವಿಷಯ ಹಾಗೆ ಮಾಡಲು ಬಿಡುವುದಿಲ್ಲ. ಹಾಸು ಹಸಿರು, ಹೊಕ್ಕು ನೇರಳೆ ಇಟ್ಟು ನೇಯ್ದ ಒಡಲು ಒಂದು ಕಡೆಯಿಂದ ಹಸಿರಾಗಿ, ಬಟ್ಟೆ ಮಡಿಸಿದಲ್ಲಿ ನೇರಳೆಯಾಗಿ ಕಾಣುತ್ತದೆ. ನೋಡುವ ಕೋನದ ಮೇಲೆ ಬಣ್ಣ ಬದಲಾಗುವ ಈ ಗುಣವನ್ನು ಒಂದೇ ಬಣ್ಣ ಹೊಳೆಸುವ ಪರದೆಯ ಚುಕ್ಕಿ ತೋರಿಸಲಾರದು. ಜರಿಯ ಮಿನುಗಂತೂ ಪರದೆಯಲ್ಲಿ ಹಳದಿ ಅಷ್ಟೇ. ಪರದೆಯ ಮೇಲೆ ಚೆಂದ ಕಂಡ ಅಂಚು ನೇಯ್ದಾಗ ಒಡಲಿನ ಬಣ್ಣದಲ್ಲಿ ಮುಳುಗಿಹೋಗುವುದುಂಟು. ಅದಕ್ಕಿರುವ ಪರೀಕ್ಷೆ ಒಂದೇ: ಬಿಡಿಸಿದ ತಕ್ಷಣ ಅಂಗೈ ಅಗಲ ನೇಯ್ದು, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಮೇಜಿಗೆ ಹೋಗಿ ತಿದ್ದುವುದು. ದಿನಕ್ಕೆ ಹತ್ತು ಸಲ ಹೀಗೆ ಓಡಾಡಬೇಕಾದವರಿಗೆ ಮೇಜು ಮತ್ತು ಗುಣಿಯ ನಡುವೆ ನಾಲ್ಕು ಹೆಜ್ಜೆಗಿಂತ ಹೆಚ್ಚಿರಬಾರದು, ನಡುವೆ ಬೇಕಿದ್ದರೆ ಧೂಳು ತಡೆಯಲು ಒಂದು ಪರದೆ ಬಟ್ಟೆ ಇಳಿಬಿಟ್ಟುಕೊಳ್ಳಬಹುದು.